ಮಗಳ ಹಾವಿಗೆ ನಾನು ಕಟ್ಟಿದ ಪೆಟ್ಟಿಗೆ

ಮಗಳು ಭಟ್ಕಳದಿಂದ ಹಾವು ತಂದ ದಿನ ನಾನು ಮನೆಯೊಳಗೆ ಕೂತು ಊಟ ಮಾಡಲಿಲ್ಲ. ತಾಟು ಹಿಡಿದು ಜಗಲಿಗೆ ಬಂದೆ. ಮಳೆಯ ಎರಚಲು ಅನ್ನದ ಮೇಲೆಯೇ ಬೀಳುತ್ತಿತ್ತು. ಹೆಂಡತಿ ಬಾಗಿಲಿಗೆ ಬಂದು, “ಹೋಯ್, ಒಳಗೆ ಬನ್ನಿ. ಅದೆಂತ ನಿಮ್ಮ ತಾಟಿಗೆ ಬಂದು ಕೂರ್ತದ್ಯಾ?” ಎಂದಳು. ನಾನು ತಾಟಿಗೆ ಕೈ ಅಡ್ಡ ಹಿಡಿದು ಉಣ್ಣುತ್ತಲೇ ಇದ್ದೆ.

ನಾನು ತದಡಿಯವನು. ಮೀಸೆ ಮೂಡುವ ಮೊದಲೇ ಬೋಟು ಹತ್ತಿದವನು. ಈಗ ಟ್ರಾಲ್ ಬೋಟೊಂದರ ತಾಂಡೇಲ, ಅಂದರೆ ಬೋಟು ನಡೆಸುವವನು. ದಡ ಕಾಣದ ಕಡೆ ಗಾಳಿ ಎದ್ದಾಗ ಬೋಟಿನ ಮೂತಿಯನ್ನು ತೆರೆಗೆ ಕೊಟ್ಟು ನಿಲ್ಲಿಸಿದ್ದೇನೆ. ನೀರಿಗೆ ಹೆದರಿದವನಲ್ಲ, ಕತ್ತಲೆಗೆ ಹೆದರಿದವನಲ್ಲ. ಹಾವಿಗೆ ಮಾತ್ರ ಹೆದರುತ್ತೇನೆ. ಹೆದರುತ್ತೇನೆ ಅಂದರೆ ಎಲ್ಲರೂ ಹೆದರುವಷ್ಟಲ್ಲ. ಗದ್ದೆಯ ಬದುವಿನಲ್ಲಿ ಒಂದು ಕೇರೆ ಹಾವು ಅಡ್ಡ ಹೋದರೆ ಸಾಕು, ಆ ವಾರವೆಲ್ಲ ನಾನು ಆ ದಾರಿ ತುಳಿಯುವುದಿಲ್ಲ. ಇದನ್ನು ಬಂದರದವರಿಂದ ಮುಚ್ಚಿಟ್ಟಿದ್ದೆ. ಮನೆಯವರಿಗೂ ಅರ್ಧವಷ್ಟೇ ಗೊತ್ತಿತ್ತು.

ಅದು ಮಳೆಗಾಲದ ಮೀನುಗಾರಿಕೆ ನಿಷೇಧದ ಹೊತ್ತು. ಬೋಟುಗಳೆಲ್ಲ ಅಘನಾಶಿನಿಯ ಅಳಿವೆಯೊಳಗೆ ಒಂದಕ್ಕೊಂದು ಕಟ್ಟಿಕೊಂಡು ನಿಂತಿದ್ದವು. ಹರಿದ ಬಲೆ ಸರಿ ಮಾಡುವುದು, ಬೋಟಿನ ಮೈಗೆ ನೀರು ತಡೆಯುವ ಫೈಬರ್ ಮೆತ್ತುವುದು ಬಿಟ್ಟರೆ ನನಗೆ ಬೇರೆ ಕೆಲಸವಿರಲಿಲ್ಲ. ಮಗಳು ಭಟ್ಕಳದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸಕ್ಕಿದ್ದಳು. ಅಲ್ಲೇ ಊರಿನ ಗೆಳತಿಯೊಬ್ಬಳ ಜೊತೆ ಬಾಡಿಗೆ ಕೋಣೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ರೈಲಿಗೆ ಹೋಗುವವಳು. ಆ ವಾರ ಫೋನ್ ಮಾಡಿ, “ಅಪ್ಪ, ಈ ಸಲ ಒಬ್ರನ್ನ ಕರ್ಕಂಡು ಬರ್ತೆ. ಬೈಬೇಡ, ಹಾಂ,” ಎಂದಿದ್ದಳು. ಯಾವನೋ ಹುಡುಗ ಎಂದು ನಾವಿಬ್ಬರೂ ಅಂದುಕೊಂಡೆವು. ಹೆಂಡತಿ ಹೊಳೆಯ ಚಿಪ್ಪುಮೀನು ಬಳಚು ತರಿಸಿ ಸುಕ್ಕ ಮಾಡಿದಳು. ನಾನು ಗಡ್ಡ ಬೋಳಿಸಿಕೊಂಡು ಶರ್ಟು ಹಾಕಿ ಕೂತೆ.

ಮಗಳು ಒಬ್ಬಳೇ ಬಂದಳು. ಬ್ಯಾಗನ್ನು ಹೆಗಲಿಗೆ ಹಾಕದೆ ಮಗುವನ್ನು ಹಿಡಿದಂತೆ ಎದೆಗೆ ಹಿಡಿದಿದ್ದಳು. ಅದರೊಳಗಿಂದ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಡಬ್ಬಿಯೊಳಗೆ ಬಾಯಿ ಕಟ್ಟಿದ ಬಟ್ಟೆಯ ಚೀಲ. ನಾನು ಬಗ್ಗಿ ನೋಡುವಾಗ ಚೀಲ ಒಳಗಿನಿಂದ ಹೊರಳಿತು.

“ಗಾಬ್ರಿ ಆಗ್ಬೇಡಿ. ಹಾವು,” ಎಂದಳು. “ಬಾಲ್ ಪೈಥಾನ್ ಅಂತ. ಹೆಬ್ಬಾವಿನ ಜಾತಿ, ಆದ್ರೆ ಸಣ್ಣದು. ಆಫ್ರಿಕಾದ್ದು. ವಿಷವೇ ಇಲ್ಲ.”

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಅಂಗಳದಲ್ಲಿ ಮಳೆಯಲ್ಲಿ ನಿಂತಿದ್ದೆ.

ವಿಷಯ ಇಷ್ಟು. ಆ ಗೆಳತಿ ಅದನ್ನು ಮರಿಯಿದ್ದಾಗಿನಿಂದ ಸಾಕಿದ್ದಳು. ಸರ್ಕಾರಕ್ಕೆ ತಿಳಿಸಿ ನೋಂದಣಿಯನ್ನೂ ಮಾಡಿಸಿದ್ದಳು. ಈಗ ಮದುವೆಯಾಗಿ ಗಂಡನ ಜೊತೆ ದುಬೈಗೆ ಹೊರಟಿದ್ದಳು. ಹಾವನ್ನು ಬೇರೆ ಯಾರಿಗೂ ಕೊಡಲು ಮನಸ್ಸಿಲ್ಲದೆ ನನ್ನ ಮಗಳ ಹೆಸರಿಗೆ ಮಾಡಿಸಿ ಕೊಟ್ಟಿದ್ದಳು. ಅಷ್ಟರಲ್ಲಿ ಕೋಣೆಯ ಮಾಲೀಕರಿಗೆ ಗೊತ್ತಾಗಿ, ಹಾವು ಇರುವುದಾದರೆ ನೀನು ಇರಬೇಡ ಎಂದರು.

“ಮುಂದಿನ ತಿಂಗ್ಳು ನಂಗೆ ಕುಮಟೆಯಲ್ಲೇ ಕೆಲ್ಸ ಆಗ್ತದೆ. ಆಮೇಲೆ ದಿನಾ ಮನೇಲೇ ಇರ್ತೆ. ಅಲ್ಲೀವರೆಗೆ ನೀವು ನೀರೊಂದು ನೋಡ್ಕಳಿ ಸಾಕು. ಊಟ ನಾನೇ ಬಂದು ಹಾಕ್ತೆ.”

ಹೆಂಡತಿಯ ಭಯ ಬೇರೆ ತರದ್ದು. “ಹಾವನ್ನ ಮನೇಲಿ ಕೂಡಿ ಹಾಕೂದಾ? ದೋಷ ಬರೂದಿಲ್ವಾ?”

“ಇದು ನಾಗರ ಅಲ್ಲ, ಆಯಿ. ಹೇಳಿದ್ನಲ್ಲ, ಆಫ್ರಿಕಾದ್ದು.”

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. “ಹಂಗಾದ್ರೆ ಅದ್ಕೆ ನಮ್ಮ ದೇವ್ರು ಗೊತ್ತಿರೂಕಿಲ್ಲ. ಆದ್ರೂ ಕೇರಿಯಲ್ಲಿ ಹೇಳೂದು ಬೇಡ. ಯಾರಾದ್ರೂ ದೊಣ್ಣೆ ತಕಂಡು ಬರ್ತ್ರು.”

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ನನ್ನ ಹೆದರಿಕೆಗೆ ಕಾರಣವಿದೆ. ನಾನು ಹೊಸದಾಗಿ ಕಲಾಸಿಯಾಗಿ, ಬಲೆ ಎಳೆಯುವ ಆಳಾಗಿ ಸೇರಿದ ಕಾಲ. ಬಲೆಯಲ್ಲಿ ಮೀನಿನ ಜೊತೆ ಕಡಲ ಹಾವೂ ಬರುತ್ತದೆ. ಬಾಲ ಚಪ್ಪಟೆ, ಮೈ ಪಟ್ಟೆ ಪಟ್ಟೆ. ಹಳಬರು ಅದನ್ನು ಬಾಲ ಹಿಡಿದು ತೂರಿ ಸಮುದ್ರಕ್ಕೆ ಎಸೆಯುತ್ತಾರೆ, ಹೆಚ್ಚು ಲೆಕ್ಕಕ್ಕೆ ಇಡುವುದಿಲ್ಲ. ಒಂದು ಬೆಳಿಗ್ಗೆ ಮೀನು ಆರಿಸುತ್ತಿದ್ದಾಗ ನನ್ನ ಪಕ್ಕದಲ್ಲಿ ಕೂತಿದ್ದವನ ಬೆರಳಿಗೆ ಅದು ಬಾಯಿ ಹಾಕಿತು. ಅವನು ನನಗಿಂತ ಸ್ವಲ್ಪ ದೊಡ್ಡವನು, ನನಗೆ ಕೆಲಸ ಕಲಿಸಿದವನು. ಕೈ ಕೊಡವಿ ನಕ್ಕ. “ಏಡಿ ಚಿವುಟಿದ ಹಂಗೆ ಆತು, ಎಂತ ಇಲ್ಲ ಮಾರಾಯ,” ಎಂದ. ಊದಲಿಲ್ಲ, ಉರಿಯಲಿಲ್ಲ. ಚಾ ಕುಡಿದ. ಬಿಸಿಲೇರುವಾಗ ದವಡೆ ಹಿಡಿಯುತ್ತಿದೆ ಎಂದ. ಆಮೇಲೆ ಕಾಲು ಎತ್ತಲು ಆಗಲಿಲ್ಲ. ಕಣ್ಣಿನ ರೆಪ್ಪೆ ತಾನಾಗಿಯೇ ಇಳಿದು ಬಿತ್ತು, ಎತ್ತಲು ಅವನಿಂದ ಆಗುತ್ತಿರಲಿಲ್ಲ. ಬಲೆ ಮೇಲೆತ್ತಿ ಬೋಟು ದಡಕ್ಕೆ ಓಡಿಸಿದರು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಎಲ್ಲ ಕೇಳಿಸುತ್ತಿತ್ತು ಅವನಿಗೆ, ನಾನು ಹೆಸರು ಕರೆದಾಗಲೆಲ್ಲ ಬೆರಳು ಅಲುಗಿಸುತ್ತಿದ್ದ. ಬಂದರದ ದೀಪದ ಕಂಬ ಕಾಣುವ ಮೊದಲೇ ಉಸಿರಾಟ ಸಣ್ಣದಾಗುತ್ತ ಆಗುತ್ತ ನಿಂತಿತು.

ಅಂದಿನಿಂದ ಹಾವಿನ ವಿಷಯದಲ್ಲಿ “ಎಂತ ಇಲ್ಲ” ಎಂದು ಯಾರು ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ. ಮಗಳ “ವಿಷವೇ ಇಲ್ಲ” ಎಂಬುದೂ ನನಗೆ ಅದೇ ಮಾತಾಗಿ ಕೇಳಿತ್ತು.

ಹಾವಿಗೆ ಜಾಗ ಕೊಟ್ಟದ್ದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಹಳೆಯ ಬಲೆ, ಎಂಜಿನ್ನಿನ ಬಿಡಿಭಾಗ ಇಡುತ್ತಿದ್ದ ಕೋಣೆ. ಸದ್ಯಕ್ಕೆ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಒಂದು ತುದಿಯ ಕೆಳಗೆ ಕರೆಂಟಿನಲ್ಲಿ ಬಿಸಿಯಾಗುವ ತೆಳ್ಳಗಿನ ಮ್ಯಾಟು. ಸೋಮವಾರ ಮಗಳು ಹೋದ ಕೂಡಲೇ ನಾನು ಬಾಗಿಲ ಕೆಳಗಿನ ಸಂದಿಗೆ ಗೋಣಿ ತುರುಕಿದೆ. ಮುಚ್ಚಳದ ಮೇಲೆ ಬಲೆಗೆ ಕಟ್ಟುವ ಸೀಸದ ಗುಂಡುಗಳ ಚೀಲ ಇಟ್ಟೆ. ಅದೂ ಸಾಲದು ಅನಿಸಿ ಒಂದು ಹಳೆಯ ಲಂಗರನ್ನೇ ತಂದು ಹೇರಿದೆ.

ಆದರೂ ಸದ್ದು ಕೇಳುತ್ತಿತ್ತು. ಸಂಜೆಯಾಗುತ್ತಿದ್ದಂತೆ ಅದು ಎದ್ದು ಮೂತಿಯಿಂದ ಮುಚ್ಚಳದ ಅಂಚನ್ನು ಉದ್ದಕ್ಕೂ ಒತ್ತುತ್ತ ಹೋಗುತ್ತಿತ್ತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಎಲ್ಲಿ ಸಡಿಲವಿದೆ ಎಂದು ಹುಡುಕುವ ಸದ್ದು ಅದು. ನಾನು ಟಿವಿ ಜೋರಾಗಿ ಇಟ್ಟರೂ ಕಿವಿ ಅತ್ತಲೇ ಇರುತ್ತಿತ್ತು. ಚಪ್ಪಲಿ ಹಾಕುವ ಮೊದಲು ಕೊಡವುತ್ತಿದ್ದೆ. ದಿಂಬು ಎತ್ತಿ ನೋಡುತ್ತಿದ್ದೆ. ನೀರು ನೋಡುವ ಕೆಲಸ ಹೆಂಡತಿಯದೆಂದು ನಾನೂ, ನನ್ನದೆಂದು ಅವಳೂ ಜಗಳ ಮಾಡಿ, ಕೊನೆಗೆ ಇಬ್ಬರೂ ಹೋಗುತ್ತಿದ್ದೆವು. ಅವಳು ಟಾರ್ಚು ಹಿಡಿಯುವುದು, ನಾನು ಮುಚ್ಚಳ ಒಂದು ಬೆರಳಿನಷ್ಟು ಎತ್ತಿ ಇಣುಕುವುದು. ಕಂದು ಮೈ, ಅದರ ಮೇಲೆ ಕಪ್ಪು ಮಚ್ಚೆ, ಮಧ್ಯದಲ್ಲೆಲ್ಲೋ ಸಣ್ಣ ತಲೆ. ನಮ್ಮ ಬೆಳಕು ಬಿದ್ದೊಡನೆ ಅದು ತಲೆಯನ್ನು ಒಳಗೆ ಎಳೆದುಕೊಂಡು ಇಡೀ ಮೈಯನ್ನು ಚೆಂಡಿನ ಹಾಗೆ ಬಿಗಿ ಮಾಡಿಕೊಳ್ಳುತ್ತಿತ್ತು.

“ಹೆದ್ರಿದ್ರೆ ಹಂಗೆ ಮಾಡ್ತದೆ, ಅದ್ಕೇ ಬಾಲ್ ಅಂತ ಹೆಸ್ರು,” ಎಂದು ಮಗಳು ಹೇಳಿದ್ದಳು. ಹೆದರಿದ ಹಾವು ಕಚ್ಚುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮುಂದಿನ ಶನಿವಾರ ಅವಳು ಲಂಗರು ನೋಡಿ ನಕ್ಕಳು. ಆಮೇಲೆ ಅದನ್ನು ಇಳಿಸುತ್ತ, “ಅಪ್ಪ, ಇದ್ರಲ್ಲಿ ಅದು ಹೆಚ್ಚು ದಿನ ಇರೂಕಾಗೂದಿಲ್ಲ. ಸರಿಯಾದ ಗೂಡು ಬೇಕು. ಪೇಟೆಯಲ್ಲಿ ಸಿಕ್ಕೂದಿಲ್ಲ. ನೀನೇ ಮಾಡ್ಕೊಡ್ತ್ಯಾ?” ಎಂದಳು.

ಒಪ್ಪಿಕೊಂಡೆ. ಪ್ರೀತಿಯಿಂದ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ. ಬೇರೆ ಯಾರಾದರೂ ಮಾಡಿದರೆ ಎಲ್ಲಾದರೂ ಸಂದಿ ಬಿಡುತ್ತಾರೆ ಎಂಬ ಭಯಕ್ಕೆ ಒಪ್ಪಿದೆ.

ಬೋಟಿಗೆ ಬಳಸುವ ಮರೈನ್ ಪ್ಲೈವುಡ್ಡಿನ ಹಲಗೆಗಳು ಚಪ್ಪರದಲ್ಲಿ ಉಳಿದಿದ್ದವು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಎತ್ತರ ಅದಕ್ಕಿಂತ ಕಡಿಮೆ. ಎತ್ತರ ಹೆಚ್ಚು ಬೇಡ ಎಂದಳು ಮಗಳು, ಇದು ನೆಲದ ಹಾವು. ಒಳಮೈಗೆ ಬೋಟಿಗೆ ಮೆತ್ತುವ ಹಾಗೆ ಫೈಬರ್ ಮೆತ್ತಿದೆ, ಮೂಲೆಗಳನ್ನೆಲ್ಲ ಹೆಬ್ಬೆರಳಿನಿಂದ ತೀಡಿ ದುಂಡಗೆ ಮಾಡಿದೆ. ನೀರು ಹೊಯ್ದರೆ ಒಂದು ಹನಿ ಹೊರಗೆ ಬಾರದು. ಮುಂದೆ ಜಾರುವ ಗಾಜಿನ ಎರಡು ಬಾಗಿಲು, ಅದಕ್ಕೆ ಬೀಗ. ಬೀಗದ ಮೇಲೆ ಬೋಟಿನ ಉಗ್ರಾಣಕ್ಕೆ ಹಾಕುವಂತಹ ಹಿತ್ತಾಳೆಯ ಚಿಲಕ, ಎರಡೂ ಬದಿಗೆ.

ಮಗಳು ಬಂದು ಸುತ್ತು ಹಾಕಿ ನೋಡಿದಳು. “ಚಲೋ ಆಗದೆ. ಆದ್ರೆ ಗಾಳಿ ಎಲ್ಲಿಂದ ಹೋಗ್ತದೆ?”

ನಾನು ಒಂದೂ ತೂತು ಕೊರೆದಿರಲಿಲ್ಲ. ಪ್ರತಿ ತೂತೂ ನನ್ನ ಕಣ್ಣಿಗೆ ಒಂದು ದಾರಿಯೇ.

“ಅಪ್ಪ, ಅದು ಉಸಿರಾಡ್ಬೇಕಲ್ಲ.”

ಕೊರೆದೆ. ಒಂದೊಂದು ತೂತಿಗೂ ಕಿರುಬೆರಳು ಹಾಕಿ ನೋಡಿದೆ. ಒಳಗಿನಿಂದ ಸ್ಟೀಲಿನ ಜಾಲರಿ ಹೊಡೆದೆ, ಉಪ್ಪುಗಾಳಿಗೆ ತುಕ್ಕು ಹಿಡಿಯದ ಜಾತಿಯದು. ಮಗಳು ಫೋನಿನಲ್ಲಿ ತೋರಿಸುತ್ತಿದ್ದ ವಿಡಿಯೋಗಳಲ್ಲಿ ಹೊರದೇಶದವರು ಹಾವಿನ ಗೂಡಿಗೆ ದಿನವೂ ನೀರು ಚಿಮುಕಿಸುತ್ತಾರೆ, ತೇವ ಸಾಲುವುದಿಲ್ಲವಂತೆ. ನಮ್ಮಲ್ಲಿ ಮಳೆಗಾಲಕ್ಕೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ನಮಗೆ ಬೇಕಾದದ್ದು ತೇವ ಹೊರಗೆ ಹಾಕುವ ದಾರಿ. ಅದಕ್ಕೆ ಮತ್ತೊಂದು ಸಾಲು ತೂತು ಕೊರೆಯಬೇಕಾಯಿತು.

ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಗೆ ಇರಬೇಕು ಎಂದು ಅವಳು ವಿವರಿಸಿದಳು. “ಬಿಸಿ ಬೇಕಾದ್ರೆ ಇಲ್ಲಿ ಬರ್ತದೆ, ಸಾಕಾದ್ರೆ ಅಲ್ಲಿ ಹೋಗ್ತದೆ. ಅದ್ರ ಮೈ ತನ್ನಷ್ಟಕ್ಕೆ ಬಿಸಿ ಆಗೂದಿಲ್ಲ.” ಎರಡೂ ತುದಿಗೆ ಅಡಗುವ ಜಾಗ ಬೇಕು, ಅದೂ ಇಕ್ಕಟ್ಟಾಗಿ, ಸುತ್ತ ಮೈ ತಾಗುವಂತೆ. ನಾನು ಎರಡು ಮಣ್ಣಿನ ಮಡಿಕೆಗಳ ಬಾಯಿ ಒಡೆದು, ಅಂಚು ಉಜ್ಜಿ ನುಣುಪು ಮಾಡಿ, ಕವುಚಿ ಇಟ್ಟೆ. ನೀರಿಗೆ ಮಗುಚದ ಹಾಗೆ ಭಾರದ ಕಲ್ಲಿನ ಬಟ್ಟಲು. ಕೆಳಗೆ ಹಾಸಲು ಒಣಗಿದ ತೆಂಗಿನ ಸಿಪ್ಪೆಯ ಚೂರು. ಬಿಸಿಯ ಮ್ಯಾಟಿಗೆ ತಾಪ ಮೀರದ ಹಾಗೆ ತಾನೇ ಆರಿಸುವ ಯಂತ್ರ.

ಗೂಡು ಮುಗಿಯಿತು, ಆದರೆ ಫೈಬರಿನ ವಾಸನೆ ಹೋಗಿರಲಿಲ್ಲ. ಆ ವಾಸನೆ ಪೂರ್ತಿ ಹೋಗುವವರೆಗೆ ಹಾವನ್ನು ಒಳಗೆ ಬಿಡಬಾರದು, ಅದರ ಶ್ವಾಸಕೋಶ ಸೂಕ್ಷ್ಮ ಎಂದಳು ಮಗಳು. ಬಿಸಿಲಿದ್ದರೆ ಬೇಗ ಒಣಗುತ್ತಿತ್ತು. ಆ ಮಳೆಯಲ್ಲಿ ಬಿಸಿಲೆಲ್ಲಿ? ಚಪ್ಪರದಲ್ಲಿ ಬಾಗಿಲು ತೆಗೆದಿಟ್ಟು, ಒಳಗೆ ಬಲ್ಬು ಉರಿಸಿ ಬಿಟ್ಟೆವು. ಹಾವು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಉಳಿಯಿತು.

ಹೀಗಿರುವಾಗ ಒಂದು ವಾರ ಬಿಡದ ಗಾಳಿಮಳೆ ಬಂತು. ಗಾಳಿಗೆ ಮರಗಳು ಬಿದ್ದು ಕರೆಂಟಿನ ಕಂಬ ಮುರಿದವು. ಹೊನ್ನಾವರದ ಹತ್ತಿರ ಹೆದ್ದಾರಿಯ ಮೇಲೆ ಗುಡ್ಡದ ಮಣ್ಣು ಜಾರಿತು. ಹಳಿಯ ಮೇಲೂ ಮಣ್ಣು ಬಂದು ರೈಲು ನಿಂತಿತು. ಮಗಳು ಭಟ್ಕಳದಲ್ಲೇ ಸಿಕ್ಕಿಕೊಂಡಳು. ಕರೆಂಟು ನಾಳೆ ಬರುತ್ತದೆ, ನಾಳೆ ಬರುತ್ತದೆ ಎಂದು ದಿನ ಹೋದವು. ಮ್ಯಾಟು ತಣ್ಣಗಾಗಿತ್ತು. ಗೋಡೆಗಳು ಬೆವರುತ್ತಿದ್ದವು. ನಮಗೇ ಕಂಬಳಿ ಬೇಕಾಗುತ್ತಿತ್ತು. ಸಂಜೆಯ ಆ ಟಕ್ ಟಕ್ ಸದ್ದು ನಿಂತದ್ದು ನನಗೆ ಸಮಾಧಾನವೇ ಆಗಿತ್ತು. ಅದು ಯಾಕೆ ನಿಂತಿತೆಂದು ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ನೀರು ನೋಡಲು ಕೋಣೆಯ ಬಾಗಿಲು ತೆಗೆದಾಗ ಬೇರೆ ಸದ್ದು ಕೇಳಿತು. ಪೈಪಿನಲ್ಲಿ ಸಣ್ಣ ತೂತಾಗಿ ಗಾಳಿ ಸೋರುವ ಹಾಗೆ, ನಡುನಡುವೆ ಗೊಳಗೊಳ. ನಾನು ಬಾಗಿಲು ಎಳೆದುಕೊಂಡು ಚಿಲಕ ಹಾಕಿ ಅಂಗಳಕ್ಕೆ ಓಡಿ ಬಂದೆ. ಫೋನಿನಲ್ಲಿ ಸ್ವಲ್ಪವೇ ಚಾರ್ಜಿತ್ತು. ಮಗಳಿಗೆ ಹಚ್ಚಿದೆ.

“ಅದು ಬುಸುಗುಡ್ತಾ ಅದೆ. ಒಂದೇ ಸಮ. ನಾನು ಒಳಗೆ ಹೋಗೂದಿಲ್ಲ.”

“ಒಂದೇ ಸಮವಾ, ಉಸಿರು ತಕಂಡಾಗೆಲ್ಲವಾ? ನೋಡಿ ಹೇಳು, ಅಪ್ಪ.”

“ನಂಗೆ ನೋಡೂಕಾಗೂದಿಲ್ಲ.”

ಅತ್ತ ಕಡೆಯಿಂದ ಬಹಳ ಮೆಲ್ಲಗೆ, “ನೋಡ್ಬೇಕು, ಅಪ್ಪ,” ಎಂದಳು.

ಹೋದೆ. ಲಂಗರು ಇಳಿಸಿದೆ, ಸೀಸದ ಚೀಲ ಇಳಿಸಿದೆ. ಮುಚ್ಚಳದ ಒಳಮೈಯೆಲ್ಲ ನೀರಹನಿ. ಹಾವು ಚೆಂಡಾಗಿರಲಿಲ್ಲ. ಉದ್ದಕ್ಕೆ ಬಿದ್ದುಕೊಂಡು ತಲೆಯನ್ನು ಮಾತ್ರ ಮೇಲಕ್ಕೆತ್ತಿ ಹಿಡಿದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮೂಗಿನ ತೂತಿನಲ್ಲಿ ಒಂದು ಸಣ್ಣ ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

“ಅದು ಬುಸುಗುಡೂದಲ್ಲ, ಅಪ್ಪ,” ಎಂದಳು. “ಅದ್ಕೆ ಉಸಿರು ಕಟ್ತಾ ಅದೆ. ಥಂಡಿ ಹಿಡ್ದದೆ. ಬೆಚ್ಚಗೆ ಮಾಡ್ದಿದ್ರೆ ಉಳಿಯೂದಿಲ್ಲ. ಹೊಸ ಗೂಡಿನ ಒಳಗೆ ತಲೆ ಹಾಕಿ ಮೂಸಿ ನೋಡು, ಕಣ್ಣು ಉರಿತದ್ಯಾ? ಇಲ್ಲ ಅಂದ್ರೆ ಅದ್ರಲ್ಲೇ ಇಡು. ಬಾಟ್ಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಒಂದು ಬದಿಗೆ ಇಡು, ನೇರ ಮೈಗೆ ತಾಗೂದು ಬೇಡ. ಎತ್ತುವಾಗ ತಲೆ ಹಿಡಿಬೇಡ. ಕೆಳಗಿಂದ ಎರಡೂ ಕೈ...”

ಫೋನು ಅಲ್ಲಿಗೆ ಆರಿತು.

ಗೂಡನ್ನು ನಾನೂ ಹೆಂಡತಿಯೂ ಚಪ್ಪರದಿಂದ ಕೋಣೆಗೆ ಹೊತ್ತು ತಂದೆವು. ಒಳಗೆ ತಲೆ ಹಾಕಿ ಮೂಸಿದೆ. ತೆಂಗಿನ ಸಿಪ್ಪೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಂಡತಿ ಹಿತ್ತಲ ಒಲೆಗೆ ಹಂಡೆ ಏರಿಸಿ, ಮನೆಯಲ್ಲಿದ್ದ ನೀರಿನ ಬಾಟ್ಲಿಗಳನ್ನೆಲ್ಲ ತುಂಬಿಸಿ, ತನ್ನ ಹಳೆಯ ಸೀರೆ ಹರಿದು ಸುತ್ತಿ ತಂದಳು. ಬೆಚ್ಚಗಿನ ಬದಿ ಸಿದ್ಧವಾಯಿತು. ಉಳಿದದ್ದು ಹಾವನ್ನು ಎತ್ತಿ ಇಡುವುದೊಂದೇ.

ಬೋಟಿನಲ್ಲಿ ಮೀನು ಆರಿಸುವಾಗ ಹಾಕುವ ದಪ್ಪ ರಬ್ಬರ್ ಕೈಗವಸು ಹಾಕಿಕೊಂಡೆ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕೂತೇ ಇದ್ದೆ. ಬೆನ್ನ ಹಿಂದೆ ನಿಂತಿದ್ದ ಹೆಂಡತಿ, “ನಾ ಎತ್ಲಾ?” ಎಂದಳು. ಬೇಡವೆಂದು ತಲೆ ಅಲ್ಲಾಡಿಸಿದೆ.

ಮೊದಲ ಸಲ ಕೈ ಹಾಕಿದಾಗ ಹಾವು ಕೈಗವಸಿನ ಮೇಲಿಂದ ಜಾರಿ ತೊಪ್ಪನೆ ಬಿತ್ತು. ನಾನು ಹಿಂದಕ್ಕೆ ಹಾರಿ ಗೋಡೆಗೆ ತಲೆ ಹೊಡೆದುಕೊಂಡೆ. ಕೈಗವಸಿನಲ್ಲಿ ಏನೂ ತಿಳಿಯುತ್ತಿರಲಿಲ್ಲ, ಎಷ್ಟು ಬಿಗಿ ಹಿಡಿದೆ, ಎಲ್ಲಿ ಹಿಡಿದೆ ಎಂಬುದೇ. ಅದನ್ನು ಬಿಚ್ಚಿ ಎಸೆದೆ. ಬರಿಗೈಯನ್ನು ಅದರ ಹೊಟ್ಟೆಯ ಕೆಳಗೆ ತೂರಿಸಿದೆ.

ಆಯುಷ್ಯವೆಲ್ಲ ಮೀನು ಹಿಡಿದ ಕೈ ಅದು. ಲೋಳೆಗೆ, ಜಾರುವುದಕ್ಕೆ ಕಾದಿತ್ತು. ಆದರೆ ಆ ಮೈ ಒಣಗಿತ್ತು, ತಣ್ಣಗಿತ್ತು. ಒಂದು ಸಣ್ಣ ಇಸವಾಣ ಮೀನಿನಷ್ಟು ಭಾರ. ಎತ್ತಿದೆ. ಅದರ ಬಾಲ ಮೆಲ್ಲನೆ ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಕೂಗಿಕೊಂಡೆ ಎಂದು ಹೆಂಡತಿ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ. ನೆನಪಿರುವುದು ಬೆರಳಿಗೆ ತಾಗುತ್ತಿದ್ದ ಅದರ ಉಸಿರು. ಪಕ್ಕೆಗಳು ಏಳುತ್ತಿದ್ದವು, ನಡುವೆ ಸಿಕ್ಕಿಕೊಳ್ಳುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಬೋಟಿನ ಡೆಕ್ಕಿನ ಮೇಲೆ ಹಿಂದೊಮ್ಮೆ ನಾನು ಹೀಗೇ ಒಂದು ಉಸಿರನ್ನು ಕೈಯಲ್ಲಿಟ್ಟು ಎಣಿಸಿದ್ದೆ. ಅಂದು ಹಾವಿನಿಂದ ಮನುಷ್ಯ ಸಾಯುತ್ತಿದ್ದ, ಇಂದು ಹಾವೇ ಸಾಯುತ್ತಿತ್ತು, ಆದರೆ ಕೈಗೆ ತಿಳಿಯುವ ಹೆದರಿಕೆಯಲ್ಲಿ ಏನೂ ಹೆಚ್ಚುಕಡಿಮೆ ಇರಲಿಲ್ಲ. “ಸಾಯ್ಬೇಡ, ಸಾಯ್ಬೇಡ,” ಎನ್ನುತ್ತಲೇ ಅದನ್ನು ಗೂಡಿಗೆ ಇಳಿಸಿದೆ. ಮಣಿಕಟ್ಟಿನಿಂದ ಬಾಲ ಬಿಡಿಸಿದವಳು ಹೆಂಡತಿ.

ಆ ದಿನವೆಲ್ಲ ಬಾಟ್ಲಿ ತಣಿದ ಹಾಗೆ ಬಿಸಿನೀರು ಬದಲಿಸಿದೆವು. ಗೂಡಿನೊಳಗೆ ಮಗಳು ಮೊದಲೇ ಅಂಟಿಸಿದ್ದ ಉಷ್ಣಮಾಪಕದ ಅಂಕಿ ನೋಡುವುದು, ಇಳಿದರೆ ಹೆಂಡತಿಯನ್ನು ಕೂಗುವುದು. ಅವಳು ಹಿತ್ತಲಿಂದ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಬಾಟ್ಲಿ ತರುವಳು. ದಪ್ಪ ಫೈಬರಿನ ಗೋಡೆ ಬಿಸಿಯನ್ನು ಚೆನ್ನಾಗಿ ಹಿಡಿದಿಟ್ಟಿತು. ಹಾವು ನಿಧಾನವಾಗಿ, ಬಹಳ ನಿಧಾನವಾಗಿ ಬಾಟ್ಲಿಗಳ ಬದಿಯ ಮಡಿಕೆಯೊಳಗೆ ಸರಿಯಿತು. ಮಡಿಕೆಯ ಬಾಯಲ್ಲಿ ಮೂತಿ ಮಾತ್ರ ಕಾಣುತ್ತಿತ್ತು. ನಾನು ಗಾಜಿನ ಈಚೆ ಕೂತಿದ್ದೆ. ಅದು ಅಲುಗಿದರೆ ಬೆಚ್ಚುತ್ತಿದ್ದೆ. ಅಲುಗದಿದ್ದರೆ ಅದಕ್ಕಿಂತ ಹೆಚ್ಚು ಬೆಚ್ಚಿ, ಗಾಜಿಗೆ ಮುಖ ತಂದು ಗುಳ್ಳೆ ಏಳುತ್ತಿದೆಯೋ ಎಂದು ನೋಡುತ್ತಿದ್ದೆ.

ಹಳಿಯ ಮಣ್ಣು ತೆಗೆದ ಮೇಲೆ ಬಿಟ್ಟ ಮೊದಲ ರೈಲಿಗೇ ಮಗಳು ಬಂದಳು. ಚಪ್ಪಲಿ ಬಿಡದೆ ಕೋಣೆಗೆ ಓಡಿದಳು. ಗಾಜು ಸರಿಸಿ ಹಾವಿನ ಗಂಟಲಿಗೆ ಕಿವಿ ಹಿಡಿದು, “ಅದೆ, ಅಪ್ಪ. ಉಸಿರು ಅದೆ,” ಎಂದು ಅಳತೊಡಗಿದಳು. ಮಂಗಳೂರಿನ ಒಬ್ಬ ಪ್ರಾಣಿವೈದ್ಯರನ್ನು ಅವಳು ಫೋನಿನಲ್ಲಿ ಕೇಳಿಕೊಂಡು ಬಂದಿದ್ದಳು. ಅವರು ಹೇಳಿದ ಔಷಧಿಯನ್ನು ಕುಮಟೆಯ ಪಶುವೈದ್ಯರು ತಾವೇ ಮನೆಗೆ ಬಂದು ಚುಚ್ಚಿದರು. ದನ, ನಾಯಿ ನೋಡುವವರು. ಹಾವಿಗೆ ಇದೇ ಮೊದಲು ಎಂದು ಅವರೂ ಒಪ್ಪಿಕೊಂಡರು. ಅವರು ಚುಚ್ಚುವಾಗ ಒಬ್ಬರು ತಲೆಯ ಕಡೆ, ಒಬ್ಬರು ಮೈಯ ಕಡೆ ಹಿಡಿಯಬೇಕು. ತಲೆಯ ಕಡೆ ಮಗಳು. ಮೈಯ ಕಡೆ ನಾನು. ಸೂಜಿ ಹೋದಾಗ ಅದು ನನ್ನ ಅಂಗೈಯಲ್ಲಿ ಒಮ್ಮೆ ಗಟ್ಟಿಯಾಯಿತು, ನಾನೂ ಹಾಗೆಯೇ ಗಟ್ಟಿಯಾದೆ. ಡಾಕ್ಟರು ನನ್ನ ಮುಖ ನೋಡಿ, “ನಿಮ್ಗೊಂದು ಲೋಟ ನೀರು ಬೇಕೇನು?” ಎಂದು ಕೇಳಿದರು.

ಹಲವು ಸಲ ಚುಚ್ಚಬೇಕಾಯಿತು. ಗುಳ್ಳೆ ಮೊದಲು ಕಡಿಮೆಯಾಯಿತು, ಆಮೇಲೆ ಸದ್ದು ಸಣ್ಣದಾಯಿತು, ಒಂದು ದಿನ ಎರಡೂ ಇರಲಿಲ್ಲ. ಕರೆಂಟು ಬಂದು ಮ್ಯಾಟು ಬಿಸಿಯಾಗಿತ್ತು. ಹಾವು ಸಂಜೆ ಹೊತ್ತು ತಂಪಿನ ಬದಿಗೂ ಹೋಗಿ ಬರತೊಡಗಿತು. ಗಾಜಿನ ಅಂಚನ್ನು ಮೂತಿಯಿಂದ ಒತ್ತಿ ನೋಡುತ್ತಿತ್ತು. ನನಗೆ ಮತ್ತೆ ಹಳೆಯ ಹೆದರಿಕೆ ಮರಳಿತು. ಚಿಲಕ ಮುಟ್ಟಿ ನೋಡುವುದು, ದಿಂಬು ಕೊಡವುವುದು, ಎಲ್ಲ. ಹಾವಿನ ಜೀವಕ್ಕಾಗಿ ಹೆದರಿದ ಮೇಲೆ ಹಾವಿಗೆ ಹೆದರುವುದು ಹೋಗುತ್ತದೆ ಎಂದು ಮಗಳು ಭಾವಿಸಿದ್ದಳು. ಹೋಗಲಿಲ್ಲ. ಎರಡೂ ಒಟ್ಟಿಗೇ ಉಳಿದವು.

ನಿಷೇಧ ಮುಗಿದು ಬೋಟುಗಳು ಅಳಿವೆ ದಾಟಿದವು. ಮಗಳಿಗೆ ಕುಮಟೆಯ ಕೆಲಸವಾಗಿತ್ತು. ಮೊದಲ ಸುತ್ತಿನಲ್ಲಿ ದಡದಿಂದ ತೀರ ದೂರವಿಲ್ಲದ ಕಡೆ ನಾವು ಬಲೆ ಬಿಟ್ಟಿದ್ದಾಗ ಫೋನಿಗೆ ಸಿಗ್ನಲ್ಲು ಸಿಕ್ಕಿತು. ಹೆಂಡತಿಯ ಕರೆ.

“ಹೋಯ್, ಅದು ಪೊರೆ ಬಿಟ್ಟದೆ.”

“ತುಂಡು ತುಂಡು ಬಂದದ್ಯಾ, ಇಡೀ ಬಂದದ್ಯಾ?”

“ಇಡೀ. ಕಣ್ಣಿನ ಮೇಲಿಂದೂ ಬಂದದೆ, ಬಾಲದ ತುದಿವರೆಗೂ. ಮಗ್ಳು ಕುಣಿತಾ ಇದ್ದಾಳೆ. ನಾನೇ ಬಿಡಿಸಿ ಒಣಗೂಕೆ ಹಾಕ್ದೆ.”

ಪೊರೆ ಒಂದೇ ತುಂಡಾಗಿ ಬಂದರೆ ಗೂಡಿನ ತೇವ ಸರಿಯಿದೆ ಎಂದು ಅರ್ಥ. ಆ ಎರಡನೆಯ ಸಾಲಿನ ತೂತುಗಳು ಹೆಚ್ಚಾದವೋ ಏನೋ ಎಂದು ನಾನು ಒಳಗೊಳಗೇ ಕೊರಗುತ್ತಿದ್ದೆ. “ಆತು, ಆತು,” ಎಂದು ಫೋನಿಟ್ಟೆ.

ಹಗ್ಗ ಸುತ್ತುತ್ತಿದ್ದ ಕಲಾಸಿಗಳು ನನ್ನನ್ನೇ ನೋಡುತ್ತಿದ್ದರು. ಎಂತದು ತಾಂಡೇಲ್ರೆ ಎಂದು ಒಬ್ಬ ಕೇಳಿದ. ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಮನೆಯಲ್ಲಿ ಒಂದು ಹಾವಿದೆ, ಮಗಳದು, ಅದಕ್ಕೆ ಗೂಡು ಕಟ್ಟಿದವನು ನಾನು ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಒಬ್ಬ ಕೂತಲ್ಲಿಂದ ಸ್ವಲ್ಪ ಆಚೆ ಸರಿದ.

ವಯಸ್ಸಾದ ಕಲಾಸಿಯೊಬ್ಬ ಬೀಡಿ ಆರಿಸಿ, ಮೆಲ್ಲಗೆ ಕೇಳಿದ: “ನಿಮ್ಗೆ ಹೆದ್ರಿಕೆ ಆಗೂದಿಲ್ವಾ?”

“ಆಗ್ತದೆ,” ಎಂದೆ.

ಬಲೆ ಎಳೆಯುವ ಹೊತ್ತಾಗಿತ್ತು. ನಾನು ಚುಕ್ಕಾಣಿಯ ಹತ್ತಿರ ಹೋಗಿ ಎಂಜಿನ್ನಿನ ವೇಗ ಇಳಿಸಿದೆ.